ಪಾರ್ಕಿನ್ಸನ್ ಇರುವವರು ಅವರೆಕಾಳಿನ ಸಾರು ಬಿಡಬೇಕೇ?

ಪ್ರಶ್ನೆ: ನಾವು ಹಾಸನದ ಹತ್ತಿರದ ಹಳ್ಳಿಯವರು. ನಮ್ಮ ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆಯಿದೆ. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಉಂಡು ಮಾತ್ರೆ ತೆಗೆದುಕೊಂಡ ದಿನ ಸಂಜೆಯವರೆಗೂ ಅವರ ಕೈಕಾಲು ಬಿಗಿದುಕೊಂಡೇ ಇರುತ್ತವೆ. ಕಾಳಿನ ಸಾರನ್ನು ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಕಾಗಿಲ್ಲ. ಮೊದಲು ನೋಡಬೇಕಾದದ್ದು ಮಾತ್ರೆಯ ಹೊತ್ತನ್ನು. ಈ ಕಾಯಿಲೆಗೆ ಹೆಚ್ಚಾಗಿ ಕೊಡುವ ಲೆವೊಡೋಪ ಸ್ವತಃ ಒಂದು ಅಮೈನೋ ಆಮ್ಲ. ಕಾಳು, ಮೊಟ್ಟೆ, ಮಾಂಸ, ಹಾಲುಗಳ ಪ್ರೋಟೀನು ಜೀರ್ಣವಾದಾಗ ಹುಟ್ಟುವ ಅಮೈನೋ ಆಮ್ಲಗಳಲ್ಲಿ ಹಲವು, ಕರುಳಿನಿಂದ ರಕ್ತಕ್ಕೂ ಅಲ್ಲಿಂದ ಮೆದುಳಿಗೂ ಲೆವೊಡೋಪ ಸಾಗುವ ದಾರಿಯಲ್ಲೇ ಸಾಗುವುದರಿಂದ, ಎರಡೂ ಒಟ್ಟಿಗೆ ಬಂದಾಗ ಮಾತ್ರೆಗೆ ಜಾಗ ಸಾಲದಾಗುತ್ತದೆ. ಹೊಟ್ಟೆ ತುಂಬಿದ್ದರೆ ಮಾತ್ರೆ ಕರುಳಿಗೆ ಇಳಿಯುವುದೂ ತಡವಾಗುತ್ತದೆ. ಹೀಗಾಗಿ ಊಟಕ್ಕೆ 30 ನಿಮಿಷ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ, ಹಾಲಿನಲ್ಲಲ್ಲದೆ ನೀರಿನಲ್ಲಿ ಮಾತ್ರೆ ಕೊಡುವುದು ರೂಢಿ. ಬರಿಹೊಟ್ಟೆಗೆ ವಾಕರಿಕೆ ಬಂದರೆ ಜೊತೆಗೊಂದು ಬಾಳೆಹಣ್ಣು ಸಾಕು. ಕಬ್ಬಿಣದ ಮಾತ್ರೆಯಿದ್ದರೆ ಅದನ್ನೂ ಇದರ ಜೊತೆಗೆ ಕೊಡದೆ ಬೇರೆ ಹೊತ್ತಿಗೆ ಕೊಡಿ.

ಹೊತ್ತು ಬದಲಿಸಿದರೂ ಬಿಗಿತ ಕಡಿಮೆಯಾಗದಿದ್ದರೆ, ಕಾಳು ಮತ್ತು ಮಾಂಸವನ್ನು ರಾತ್ರಿಯೂಟಕ್ಕೆ ಸರಿಸುವ ಕ್ರಮವೊಂದಿದೆ. ಅದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ದಿನದ ಒಟ್ಟು ಪ್ರೋಟೀನನ್ನು ಮಾತ್ರ ಇಳಿಸಬೇಡಿ, ಏಕೆಂದರೆ ಈ ಕಾಯಿಲೆಯವರಲ್ಲಿ ಅನೇಕರು ವಾಸನೆ ತಿಳಿಯದೆ, ಊಟ ರುಚಿಸದೆ, ಮೊದಲೇ ಸೊರಗಿರುತ್ತಾರೆ.

ನೀವು ಕೇಳದಿದ್ದರೂ ಮುದ್ದೆಯ ವಿಷಯ ಹೇಳಲೇಬೇಕು, ನನಗೆ ಹೆಚ್ಚು ಆತಂಕವಿರುವುದು ಅದರದ್ದೇ. ತುತ್ತು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ನಮ್ಮ ಕಡೆಯವರಿಗೆ ಎಳವೆಯಿಂದ ಬಂದ ಅಭ್ಯಾಸ. ಗಂಟಲಿನ ಸ್ನಾಯುಗಳು ನಿಧಾನವಾದವರಿಗೆ ಆ ಗಟ್ಟಿ ತುತ್ತು ಸಿಕ್ಕಿಕೊಳ್ಳಬಹುದು, ಜೊತೆಗಿನ ತೆಳು ಸಾರು ಶ್ವಾಸನಾಳಕ್ಕೂ ಇಳಿಯಬಹುದು. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗೊರಗೊರ ಎನ್ನುವ ದನಿ ಕಂಡರೆ ನುಂಗುವಿಕೆಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮುದ್ದೆ ನಿಲ್ಲಿಸಿ, ತಂದೆಯವರನ್ನು ನೆಟ್ಟಗೆ ಕೂರಿಸಿ, ಗಂಟಿಲ್ಲದ ಮಂದವಾದ ರಾಗಿ ಗಂಜಿಯನ್ನು ಚಿಕ್ಕ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದನ್ನು ಕೊಡಿ. ಹೀಗೆ ಕೊಟ್ಟರೂ ಕೆಮ್ಮು ಬಂದರೆ ಕಾಯದೆ ವೈದ್ಯರಿಗೆ ತೋರಿಸಿ.

ಮಲಬದ್ಧತೆಗೆ ಸೊಪ್ಪು, ಹಣ್ಣು, ಸಾಕಷ್ಟು ನೀರು ಬೇಕು. ನಮ್ಮ ಕಾಡಂಚಿನ ನಸುಗುನ್ನಿ ಬೀಜದಲ್ಲಿ ಲೆವೊಡೋಪ ಇರುವುದು ನಿಜ. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬೇರೆಯಾಗುವುದರಿಂದ, ಮಾತ್ರೆ ನುಂಗುತ್ತಿರುವವರಿಗೆ ಅದರ ಪುಡಿಯನ್ನು ಮನೆಯಲ್ಲೇ ಕೊಡಬೇಡಿ. ಒಂದು ವಾರ ಮಾತ್ರೆಯ ಹೊತ್ತು, ಊಟದ ಹೊತ್ತು, ಬಿಗಿತ ಶುರುವಾದ ಹೊತ್ತು ಇವಿಷ್ಟನ್ನು ಬರೆದಿಟ್ಟು ನರರೋಗ ತಜ್ಞರಿಗೆ ತೋರಿಸಿ; ಮಾತ್ರೆಯ ಹೊತ್ತನ್ನು ಅವರು ಅದರ ಮೇಲೆಯೇ ಗೊತ್ತುಮಾಡಬಲ್ಲರು.