'ಲೇಡಿ' ಬೇಕಾ ಬೇಡ್ವಾ: ಅಮೆರಿಕದ ಕಾಲೇಜು ತಂಡಗಳ ಹೆಸರಿನ ಜಗಳ

ಬಸ್ಸಲ್ಲಿ ಹೆಂಗಸು ಟಿಕೆಟ್ ಕೊಟ್ಟರೆ ನಾವು 'ಲೇಡಿ ಕಂಡಕ್ಟರ್' ಅಂತೀವಿ. ಗಂಡಸು ಕೊಟ್ಟರೆ ಬರೀ ಕಂಡಕ್ಟರ್. ಯಾರೂ ಬೇಕಂತ ಹೇಳುವುದಲ್ಲ, ಬಾಯಿಗೆ ಹಾಗೇ ಬಂದುಬಿಡುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಇದೇ ಎರಡಕ್ಷರ ಸುಮಾರು ಐವತ್ತು ವರ್ಷದಿಂದ ಹೆಣ್ಣುಮಕ್ಕಳ ಜರ್ಸಿ ಮೇಲೆ ಕೂತಿದೆ. ಅದನ್ನು ತೆಗೆಯಬೇಕೋ ಬೇಡವೋ ಅನ್ನುವ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

1972ರಲ್ಲಿ ಅಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಕೇಂದ್ರ ಸರ್ಕಾರದ ದುಡ್ಡು ತೆಗೆದುಕೊಳ್ಳುವ ಕಾಲೇಜು ಹೆಣ್ಣು-ಗಂಡು ಅಂತ ಭೇದ ಮಾಡುವ ಹಾಗಿಲ್ಲ ಅನ್ನುವುದು ಅದರ ತಿರುಳು. ಆಮೇಲೆ ಕಾಲೇಜಿಂದ ಕಾಲೇಜಿಗೆ ಹೆಣ್ಣುಮಕ್ಕಳ ತಂಡಗಳು ಹುಟ್ಟಿಕೊಂಡವು. ಗಂಡಸರ ತಂಡಕ್ಕೆ ಎಷ್ಟೋ ದಶಕದಿಂದ ಹೆಸರಿತ್ತು, ಲೋಗೋ ಇತ್ತು. ಹೆಂಗಸರಿಗೆ ಏನು ಹೆಸರಿಡೋದು ಅಂತ ಜಾಸ್ತಿ ಯೋಚನೆ ಮಾಡಿದವರು ಕಮ್ಮಿ. ಇದ್ದ ಹೆಸರಿನ ಮುಂದೆ 'ಲೇಡಿ' ಸೇರಿಸಿದರು, ಕೆಲಸ ಮುಗೀತು.

ಹಾಗಾಗಿ ಎಂಥೆಂಥ ಹೆಸರು ಬಂದವು ನೋಡಿ. ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ತಂಡ 1975ರಿಂದ 1977ರವರೆಗೆ ಸತತ ಮೂರು ಸಲ ರಾಷ್ಟ್ರಮಟ್ಟದ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದ ತಂಡ, ಅದರ ಹೆಸರು 'ಲೇಡಿ ಸ್ಟೇಟ್ಸ್‌ಮೆನ್'. ಮುಂದೆ ಲೇಡಿ, ಹಿಂದೆ ಮೆನ್! ಸೌತ್ ಕ್ಯಾರೊಲಿನಾದ ಗಂಡಸರ ತಂಡ 'ಗೇಮ್‌ಕಾಕ್ಸ್', ಅಂದರೆ ಕಾಳಗದ ಹುಂಜ. ಹೆಣ್ಣುಮಕ್ಕಳು 'ಲೇಡಿ ಗೇಮ್‌ಕಾಕ್ಸ್' ಆದರು. ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ, ಹೆಣ್ಣು ಹುಂಜ. ಇನ್ನು 'ಲೇಡಿ ರ‍್ಯಾಮ್ಸ್' ಅಂದರೆ ಹೆಣ್ಣು ಟಗರು. ಲೋಗೋಗಳ ಕತೆಯೂ ಇಷ್ಟೇ. ಗಂಡಸರ ತಂಡದ ಪ್ರಾಣಿ ಹಲ್ಲು ಕಿರಿದು ನಿಂತಿದ್ದರೆ, ಕೆಲವು ಕಡೆ ಅದೇ ಪ್ರಾಣಿಗೆ ರಿಬ್ಬನ್ ಕಟ್ಟಿ, ಉದ್ದ ರೆಪ್ಪೆ ಬರೆದು ಹೆಣ್ಣುಮಕ್ಕಳಿಗೆ ಕೊಟ್ಟರು.

ಸ್ವಂತ ಹೆಸರು ಹುಡುಕಿಕೊಂಡವರೂ ಇದ್ದರು. ಲೂಸಿಯಾನಾ ಟೆಕ್‌ನಲ್ಲಿ ಗಂಡಸರು ಬುಲ್‌ಡಾಗ್ಸ್. 1974ರಲ್ಲಿ ಹೆಂಗಸರ ತಂಡ ಕಟ್ಟಿದ ಕೋಚ್ ಸೋನ್ಯಾ ಹಾಗ್ ಆ ಹೆಸರಿಗೆ ಒಪ್ಪಲಿಲ್ಲ. ಹೆಣ್ಣು ನಾಯಿಗೆ ಇಂಗ್ಲಿಷಿನಲ್ಲಿರುವ ಪದ ಬೈಗುಳವಲ್ವಾ? 'ಲೇಡಿ ಟೆಕ್‌ಸ್ಟರ್ಸ್' ಅಂತ ಹೊಸದೇ ಮಾಡಿಕೊಂಡರು. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ 1982ರಲ್ಲಿ ಮೊದಲ ಬಾರಿ ಹೆಂಗಸರ ಬಾಸ್ಕೆಟ್‌ಬಾಲ್ ಟೂರ್ನಿ ಮಾಡಿದಾಗ ಗೆದ್ದದ್ದು ಇವರೇ. ಹವಾಯಿಯವರು ತಮ್ಮ ಭಾಷೆಯ ಪದವನ್ನೇ ಇಟ್ಟುಕೊಂಡರು, 'ರೇನ್‌ಬೋ ವಹೀನೆ'. ವಹೀನೆ ಅಂದರೆ ಹೆಂಗಸು. ನನಗೆ ತುಂಬಾ ಹಿಡಿಸಿದ ಹೆಸರು ಇದು.

1989ರಲ್ಲಿ ಸ್ಟ್ಯಾನ್ಲಿ ಐಟ್ಜನ್ ಮತ್ತು ಮ್ಯಾಕ್ಸೀನ್ ಬಾಕಾ ಜಿನ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಈ ಹೆಸರು, ಲೋಗೋಗಳನ್ನೆಲ್ಲ ಕೂಡಿಹಾಕಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳನ್ನು ಕೀಳು ಮಾಡುವಂಥವು ಸಿಕ್ಕವು. ಆಟಗಾರ್ತಿ ಅನ್ನುವುದಕ್ಕಿಂತ ಮೊದಲು ಹೆಣ್ಣು ಅಂತ ಹೇಳಿಬಿಡುತ್ತವೆ, ಆಟದ ಬೆಲೆ ಅಲ್ಲೇ ಇಳಿಯುತ್ತದೆ ಅನ್ನುವುದು ಅವರ ವಾದ. ನನಗೂ ಅದು ಸರಿ ಅನಿಸುತ್ತದೆ.

ಆದರೆ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಕತೆ ಬೇರೆ.

1974ರಲ್ಲಿ ಅಲ್ಲಿ 22 ವರ್ಷದ ಹುಡುಗಿಯೊಬ್ಬಳು ಬಾಸ್ಕೆಟ್‌ಬಾಲ್ ಕೋಚ್ ಆದಳು. ಪ್ಯಾಟ್ ಸಮಿಟ್. ಸಂಬಳ ತಿಂಗಳಿಗೆ 250 ಡಾಲರ್. ತಂಡದ ಜರ್ಸಿ ಒಗೆಯುವವಳು ಅವಳೇ, ಊರೂರಿಗೆ ವ್ಯಾನ್ ಓಡಿಸುವವಳೂ ಅವಳೇ. ಆ ಜರ್ಸಿಗಳೂ ಹಿಂದಿನ ವರ್ಷ ಡೋನಟ್ ಮಾರಿ ಬಂದ ದುಡ್ಡಲ್ಲಿ ಕೊಂಡವು. ಅಲ್ಲಿಂದ 38 ವರ್ಷ ಅವರು ಅಲ್ಲೇ ಇದ್ದರು. 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಗಂಡಸರ ತಂಡ 'ವಾಲಂಟಿಯರ್ಸ್', ಚಿಕ್ಕದಾಗಿ 'ವಾಲ್ಸ್'. ಇವರದು 'ಲೇಡಿ ವಾಲ್ಸ್'. ಕಿತ್ತಳೆ ಬಣ್ಣದ ಜೊತೆಗೆ ತಿಳಿನೀಲಿ ಇತ್ತು, ಅದು ಗಂಡಸರ ಜರ್ಸಿಯಲ್ಲಿ ಇರಲಿಲ್ಲ. ಲೋಗೋ ಬೇರೆ, ಕ್ರೀಡಾ ವಿಭಾಗವೇ ಬೇರೆ. ಬೇರೆ ಕಡೆ ಬಾಲದ ಹಾಗೆ ಅಂಟಿಸಿದ ಪದ, ಇಲ್ಲಿ ಆ ಹೆಣ್ಣುಮಕ್ಕಳು ದುಡಿದು ಸಂಪಾದಿಸಿದ ಮನೆತನದ ಹೆಸರಾಯಿತು.

2011ರಲ್ಲಿ ಸಮಿಟ್ ತಮಗೆ ಅಲ್ಝೈಮರ್ ಇದೆ ಅಂತ ಹೇಳಿದರು. ಮರುವರ್ಷ ಕೋಚ್ ಕೆಲಸ ಬಿಟ್ಟರು. ಅದೇ ಹೊತ್ತಿಗೆ ಎರಡೂ ಕ್ರೀಡಾ ವಿಭಾಗಗಳನ್ನು ಒಂದು ಮಾಡಿದ್ದರು. ಆಮೇಲೆ 2014ರ ನವೆಂಬರ್‌ನಲ್ಲಿ ಪ್ರಕಟಣೆ ಬಂತು. ಮುಂದಿನ ವರ್ಷದಿಂದ ನೈಕಿ ಬಟ್ಟೆ ಬರುತ್ತದೆ, ಬಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಬೇರೆ ಯಾವ ಹೆಂಗಸರ ತಂಡಕ್ಕೂ ಇನ್ನು 'ಲೇಡಿ' ಇಲ್ಲ, ಎಲ್ಲರಿಗೂ ಒಂದೇ ದಪ್ಪ 'ಟಿ' ಲೋಗೋ.

ಕಾಗದದ ಮೇಲೆ ನೋಡಿದರೆ ಸಮಾನತೆ. ಆದರೆ ಒಳಗಿನ ಲೆಕ್ಕ ಒಂದೇ ಬ್ರ್ಯಾಂಡ್ ಅನ್ನುವುದು. ಉಳಿದದ್ದು ಗಂಡಸರ ಗುರುತು, ಅಳಿಸಿದ್ದು ಹೆಂಗಸರದು. ಹಳೆಯ ಆಟಗಾರ್ತಿಯರು ಸಿಟ್ಟಾದರು, ಸಾವಿರಾರು ಜನ ಮನವಿಗೆ ಸಹಿ ಹಾಕಿದರು. 'ಲೇಡಿ' ಪದ ನನಗೆ ಇಷ್ಟವಿಲ್ಲ, ಆದರೂ ಈ ಜಗಳದಲ್ಲಿ ನಾನು ಅವರ ಕಡೆ. ಸಮಿಟ್ 2016ರ ಜೂನ್‌ನಲ್ಲಿ ತೀರಿಕೊಂಡರು. 2017ರ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ಎಲ್ಲ ಹೆಂಗಸರ ತಂಡಗಳಿಗೂ ಲೇಡಿ ವಾಲ್ಸ್ ಹೆಸರು, ಲೋಗೋ ವಾಪಸ್ ಕೊಟ್ಟಿತು. ಸಮಿಟ್ ಅದನ್ನು ನೋಡಲಿಲ್ಲ ಅನ್ನುವುದು ನನಗೆ ಈಗಲೂ ಬೇಜಾರು.

ಬೇರೆ ಕಡೆ ಗಾಳಿ ಉಲ್ಟಾ ಬೀಸಿತು. ಸೌತ್ ಕ್ಯಾರೊಲಿನಾ ಈಗ ಬರೀ ಗೇಮ್‌ಕಾಕ್ಸ್. ಟೆಕ್ಸಸ್‌ನ ಬೇಲರ್ 2021ರಲ್ಲಿ 'ಲೇಡಿ' ಬಿಟ್ಟಿತು. ನಮ್ಮ ಆರ್‌ಸಿಬಿಯಲ್ಲಿ ಈ ತಕರಾರೇ ಬರಲಿಲ್ಲ. 2023ರಲ್ಲಿ ಹೆಂಗಸರ ತಂಡ ಬಂದಾಗ ಅದೇ ಹೆಸರು, ಅದೇ ಸಿಂಹ ಕೊಟ್ಟರು. 2024ರಲ್ಲಿ ಸ್ಮೃತಿ ಮಂಧಾನ ತಂಡ ಗೆದ್ದಾಗ ಜನ 'ಈ ಸಲ ಕಪ್ ನಮ್ದು' ಅಂತ ಕುಣಿದರು, ಗಂಡಸರು ಗೆಲ್ಲೋದಕ್ಕೆ ಇನ್ನೂ ಒಂದು ವರ್ಷ ಇತ್ತು.

ಕೊನೆಗೆ ಎನ್‌ಸಿಎಎಯೇ ಸಿಕ್ಕಿಬಿತ್ತು. 2021ರ ಮಾರ್ಚ್‌ನಲ್ಲಿ ಬಾಸ್ಕೆಟ್‌ಬಾಲ್ ಆಟಗಾರ್ತಿ ಸೆಡೋನಾ ಪ್ರಿನ್ಸ್ ಒಂದು ಪುಟ್ಟ ವಿಡಿಯೋ ಹಾಕಿದಳು. ಗಂಡಸರ ಟೂರ್ನಿಗೆ ದೊಡ್ಡ ಜಿಮ್, ಹೆಂಗಸರಿಗೆ ಒಂದೇ ಒಂದು ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟ ಡಂಬೆಲ್‌ಗಳು. ಆಗ ನಡೆದ ತನಿಖೆಯಲ್ಲಿ ಹೆಸರಿನ ವಿಷಯವೂ ಹೊರಬಂತು. 'ಮಾರ್ಚ್ ಮ್ಯಾಡ್ನೆಸ್' ಅನ್ನುವ ಹೆಸರನ್ನು ಗಂಡಸರ ಟೂರ್ನಿಗೆ ಮಾತ್ರ ಬಳಸುತ್ತಿದ್ದರು. ಗಂಡಸರ ಕೊನೆಯ ಹಂತ ಬರೀ 'ಫೈನಲ್ ಫೋರ್', ಹೆಂಗಸರದು 'ವಿಮೆನ್ಸ್ ಫೈನಲ್ ಫೋರ್'. 2022ರಿಂದ ಮಾರ್ಚ್ ಮ್ಯಾಡ್ನೆಸ್ ಇಬ್ಬರದೂ ಆಯಿತು. ಗಂಡಸರ ಲೋಗೋ ಮೇಲೆ 'ಮೆನ್ಸ್ ಫೈನಲ್ ಫೋರ್' ಅಂತ ಬರೆದರು.