ದಿನವಿಡೀ ಓಡಾಟ, ಡೀಲ್ ಮಾತ್ರ ಆಗ್ತಿಲ್ಲ: ಏಜೆಂಟರ ಸಮಯ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನಾನು ರಿಯಲ್ ಎಸ್ಟೇಟ್ ಏಜೆಂಟ್. ಬೆಳಗ್ಗೆ ಎದ್ದಾಗಿಂದ ಫೋನು, ಮೆಸೇಜು, ಮನೆ ತೋರಿಸುವ ಓಡಾಟ. ರಾತ್ರಿ ಹೊತ್ತಿಗೆ ಸುಸ್ತಾಗಿರುತ್ತೇನೆ. ಆದರೆ ಆದ ಡೀಲ್ ಎಷ್ಟು ಅಂತ ನೋಡಿದರೆ ಬೇಜಾರು. ದಿನವನ್ನು ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ: ಹೊಸ ಡೈರಿ, ಹೊಸ ಆ್ಯಪ್ ಅಂತ ಹೊರಡುವ ಮೊದಲು ಈ ಕೆಲಸದ ಒಂದು ಗುಣ ಗಮನಿಸಿ. ಕಮಿಷನ್ ಬರುವುದು ವ್ಯವಹಾರ ಕುದುರಿದ ಮೇಲೆ. ಮೊದಲ ಫೋನಿನಿಂದ ಅಲ್ಲಿವರೆಗೆ ವಾರಗಳು, ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಇವತ್ತು ಫಾಲೋಅಪ್ ಮಾಡದಿದ್ದರೆ ಇವತ್ತೇನೂ ನಷ್ಟ ಕಾಣುವುದಿಲ್ಲ. ಅದರ ಬಿಸಿ ತಟ್ಟುವುದು ಆಮೇಲೆ. ಒಂದು ಡೀಲ್ ಕೊನೆ ಹಂತಕ್ಕೆ ಬಂತು ಅಂದುಕೊಳ್ಳಿ. ಕಾಗದಪತ್ರ, ಮಾಲೀಕರ ತಕರಾರು, ಬ್ಯಾಂಕಿನ ಸಾಲ ಅಂತ ಇಡೀ ದಿನ ಅದರ ಹಿಂದೆಯೇ ಕಳೆಯುತ್ತದೆ. ಹೊಸಬರಿಗೆ ಫೋನ್ ಮಾಡುವುದು ನಿಂತೇ ಹೋಗುತ್ತದೆ. ಆ ಡೀಲ್ ಮುಗಿದ ದಿನ ತಿರುಗಿ ನೋಡಿದರೆ ಮುಂದಿನದು ಒಂದೂ ಇಲ್ಲ. ಒಂದು ತಿಂಗಳು ಕೈತುಂಬ, ಮುಂದಿನ ಮೂರು ತಿಂಗಳು ಖಾಲಿ ಎಂಬ ಪರಿಸ್ಥಿತಿ ಹುಟ್ಟುವುದು ಹೀಗೆ.

ಅದಕ್ಕೇ ಬೆಳಗಿನ ಒಂದು ಗಂಟೆ ನೀವೇ ಮಾಡುವ ಫೋನುಗಳಿಗೆ ಇರಲಿ. ಜಾಗ ನೋಡಿ ಸುಮ್ಮನಾದವರು, ವಿಚಾರಿಸಿ ಮರೆತವರು, ಹಳೆಯ ಗ್ರಾಹಕರು, ಮಾರಲು ಕೊಟ್ಟ ಮಾಲೀಕರು. ಯಾರಿಗೆ ಫೋನ್ ಅನ್ನುವ ಪಟ್ಟಿ ಹಿಂದಿನ ರಾತ್ರಿಯೇ ತಯಾರಿರಬೇಕು. ಬೆಳಗ್ಗೆ ಪಟ್ಟಿ ಮಾಡಲು ಕೂತರೆ ಗಂಟೆ ಅಲ್ಲೇ ಮುಗಿಯುತ್ತದೆ. ಎಷ್ಟೇ ದೊಡ್ಡ ಡೀಲ್ ನಡೀತಿದ್ದರೂ ಈ ಗಂಟೆ ಬಿಡಬೇಡಿ. ಬೇರೆ ಯಾವ ಸಲಹೆ ಪಾಲಿಸದಿದ್ದರೂ ನಡೆಯುತ್ತದೆ, ಇದೊಂದನ್ನು ಪಾಲಿಸಿ.

ಹಾಗಂತ ಆ ಹೊತ್ತು ಫೋನ್ ಪೂರ್ತಿ ಸೈಲೆಂಟ್ ಮಾಡಿ ಅನ್ನುತ್ತಿಲ್ಲ. ಹೊಸ ವಿಚಾರಣೆ ಬಂದರೆ ಕಾಯಿಸಬಾರದು. ಆನ್‌ಲೈನ್ ವಿಚಾರಣೆಗಳ ಬಗ್ಗೆ 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಅಧ್ಯಯನ ಬಂದಿತ್ತು. ಒಂದು ಗಂಟೆಯೊಳಗೆ ಸಂಪರ್ಕಿಸಿದ ಕಂಪನಿಗಳಿಗೆ, ಇನ್ನೊಂದು ಗಂಟೆ ತಡ ಮಾಡಿದವರಿಗಿಂತ, ಕೆಲಸಕ್ಕೆ ಬರುವ ಮಾತುಕತೆ ನಡೆಯುವ ಸಾಧ್ಯತೆ ಸುಮಾರು 7 ಪಟ್ಟು ಜಾಸ್ತಿ ಇತ್ತು. ಕಾರಣ ಸರಳ. ವಿಚಾರಿಸುವವರು ನಿಮ್ಮೊಬ್ಬರನ್ನೇ ವಿಚಾರಿಸಿರುವುದಿಲ್ಲ ಅಲ್ವಾ? ಮಿಕ್ಕ ಮೆಸೇಜುಗಳು ಕಾಯುತ್ತವೆ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು.

ಈಗ ಅತಿ ಹೆಚ್ಚು ಸಮಯ ತಿನ್ನುವ ವಿಷಯಕ್ಕೆ ಬರೋಣ: ಸೈಟ್ ವಿಸಿಟ್. ಯಾರು ಕೇಳಿದರೂ ತಕ್ಷಣ ಗಾಡಿ ತೆಗೆಯುವ ಅಭ್ಯಾಸ ಬಹಳ ಜನರಿಗಿದೆ. ಅದನ್ನು ಉತ್ಸಾಹ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕೇಳಬೇಕಾದ್ದನ್ನು ಕೇಳುವ ಸಂಕೋಚ. ಬಜೆಟ್ ಎಷ್ಟು, ಸಾಲ ಬೇಕಾದರೆ ಬ್ಯಾಂಕಿನಲ್ಲಿ ಮಾತಾಡಿದ್ದೀರಾ, ಯಾವಾಗಿನೊಳಗೆ ಬೇಕು, ಮನೆಯಲ್ಲಿ ಅಂತಿಮವಾಗಿ ಒಪ್ಪಬೇಕಾದವರು ಯಾರು? ಐದು ನಿಮಿಷದ ಮಾತು ಇದು. ಕೊನೆಯ ಪ್ರಶ್ನೆಯನ್ನು ಮಾತ್ರ ಯಾವತ್ತೂ ಬಿಡಬೇಡಿ. ಗಂಡ ಬಂದು ನೋಡಿ ಮೆಚ್ಚಿ, ಆಮೇಲೆ ಹೆಂಡತಿ ಬಂದು ನೋಡಿ, ಮತ್ತೆ ಅಪ್ಪ ಅಮ್ಮ ಬಂದು ನೋಡಿ ಬೇಡ ಅಂದರೆ ಒಂದೇ ಮನೆಗೆ ಮೂರು ಓಡಾಟ ದಂಡ. ಎಲ್ಲರೂ ಒಟ್ಟಿಗೆ ಬರುವ ಹೊತ್ತನ್ನೇ ಗೊತ್ತು ಮಾಡಿ. ಉತ್ತರ ಸರಿಯಾಗಿ ಬರದಿದ್ದರೆ ಫೋಟೊ, ವಿಡಿಯೊ ಕಳಿಸಿ ಸುಮ್ಮನಿರಿ. ನಿಜವಾಗಿ ಬೇಕಾದವರು ತಾವೇ ಮತ್ತೆ ಫೋನ್ ಮಾಡುತ್ತಾರೆ.

ಒಂದೇ ಕಡೆಯ ಜಾಗಗಳನ್ನು ಒಂದೇ ಸುತ್ತಿನಲ್ಲಿ ತೋರಿಸಿ. ಬರುತ್ತಾರೋ ಇಲ್ಲವೋ ಅಂತ ಹೊರಡುವ ಮುಂಚೆ ಒಂದು ಫೋನ್ ಮಾಡಿ. ವಿಸಿಟ್‌ಗಳ ನಡುವೆ ಬಿಡುವನ್ನೂ ಇಡಿ. ಒಂದು ಕೆಲಸಕ್ಕೆ ಹಿಡಿಯುವ ಸಮಯವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ಹೇಳಿದ್ದರು. ಹಿಂದಿನ ಸಲ ನಿಜಕ್ಕೂ ಎಷ್ಟು ಹಿಡಿಯಿತು ಅನ್ನುವುದೇ ಒಳ್ಳೆಯ ಅಂದಾಜು. ಹಿಂದಿನ ವಿಸಿಟ್‌ಗೆ ಒಂದೂವರೆ ಗಂಟೆ ಆಗಿದ್ದರೆ ಈ ಸಲ ಮುಕ್ಕಾಲು ಗಂಟೆಯಲ್ಲಿ ಮುಗಿಯುವುದಿಲ್ಲ.

ಜಾಹೀರಾತಿನ ಪೋಸ್ಟರ್ ಬಣ್ಣ ಬದಲಿಸುವುದು, ಬೇರೆ ಏಜೆಂಟರ ಗ್ರೂಪಿನಲ್ಲಿ ಹರಟುವುದು ಕೆಲಸದಂತೆ ಕಾಣುತ್ತವೆ. ಅವಕ್ಕೆ ದಿನದ ಕೊನೆಯ ಅರ್ಧ ಗಂಟೆ ಸಾಕು.

ಇನ್ನು ರಜೆ. ಕೊಳ್ಳುವವರಿಗೆ ಬಿಡುವು ಸಿಗುವುದು ಸಂಜೆ ಮತ್ತು ವಾರದ ಕೊನೆಗೆ. ಆಗ ನಿಮಗೆ ರಜೆ ಇಲ್ಲ. ಹಾಗಾದರೆ ವಾರದ ನಡುವೆ ವಿಚಾರಣೆ ಕಡಿಮೆ ಇರುವ ಒಂದು ದಿನವನ್ನು ರಜೆ ಮಾಡಿಕೊಳ್ಳಿ. ಅದನ್ನು ಗ್ರಾಹಕರಿಗೆ ಮೊದಲೇ ಹೇಳಿಬಿಡಿ. ಆ ದಿನ ಬರುವ ಹೊಸ ಫೋನುಗಳನ್ನು ನೋಡಿಕೊಳ್ಳಲು ಜೊತೆಗಾರ ಏಜೆಂಟ್ ಒಬ್ಬರ ಹತ್ತಿರ ಮಾತಾಡಿಕೊಳ್ಳಿ. ಅವರ ರಜೆಯ ದಿನ ಅವರ ಫೋನು ನಿಮ್ಮದು. ಡೀಲ್ ಆದರೆ ಯಾರಿಗೆಷ್ಟು ಅನ್ನುವುದನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ.