ಹಳೇ ಕಸ್ಟಮ್ ಕಾರ್ ಮಾಡೆಲ್: ಬಣ್ಣ ತೆಗೆಯೋಕೆ ತಿನ್ನರ್ ಹಾಕಬಹುದಾ?

ಓದುಗರ ಪ್ರಶ್ನೆ: ಅಮೆರಿಕದಲ್ಲಿರುವ ನೆಂಟರ ಮನೆಯಿಂದ ಎಎಂಟಿ ಕಂಪನಿಯ ಹಳೇ ಪ್ಲಾಸ್ಟಿಕ್ ಕಾರ್ ಮಾಡೆಲ್ ಬಂದಿದೆ. 1960ರ ದಶಕದ್ದು, 1/25 ಅಳತೆ. ಯಾರೋ ಆಗಲೇ ಬಾಗಿಲಿನ ಹಿಡಿಗಳನ್ನು ಕೆರೆದು ತೆಗೆದು, ಅಲ್ಲಲ್ಲಿ ಪುಟ್ಟಿ ತುಂಬಿ, ದಪ್ಪಗೆ ಕೆಂಪು ಬಣ್ಣ ಬಳಿದಿದ್ದಾರೆ. ತಿನ್ನರ್‌ನಲ್ಲಿ ಅದ್ದಿಟ್ಟರೆ ಬಣ್ಣ ಹೋಗುತ್ತಾ?

ಬಣ್ಣ ಹೋಗುತ್ತದೆ, ಜೊತೆಗೆ ಕಾರೂ ಹೋಗುತ್ತದೆ. ಈ ಮಾಡೆಲ್‌ಗಳು ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್‌ನವು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ತಿನ್ನರ್‌ನಲ್ಲಿರುವ ಟಾಲ್ವೀನ್, ಅಸಿಟೋನ್‌ನಂಥ ದ್ರವಗಳು ಪಾಲಿಸ್ಟೈರೀನನ್ನೇ ಕರಗಿಸುತ್ತವೆ. ಮಾಡೆಲ್‌ಗೆ ಹಾಕುವ ಟ್ಯೂಬ್ ಅಂಟು ಕೆಲಸ ಮಾಡುವುದೂ ಹಾಗೆಯೇ, ಎರಡು ಅಂಚನ್ನು ಕರಗಿಸಿ ಒಂದಾಗಿಸುತ್ತದೆ. ತಿನ್ನರ್‌ನಲ್ಲಿ ಅದ್ದುವುದೆಂದರೆ ಇಡೀ ಕಾರನ್ನು ಅಂಟಿನಲ್ಲಿ ಮುಳುಗಿಸಿದಂತೆ. ಪೆಟ್ರೋಲ್, ನೈಲ್ ಪಾಲಿಶ್ ರಿಮೂವರ್ ಕೂಡ ಬೇಡ.

ಬಣ್ಣಕ್ಕಿಂತ ಮೊದಲು ಇನ್ನೊಂದು ವಿಷಯ ತೀರ್ಮಾನವಾಗಬೇಕು: ಹಿಂದಿನವರು ಮಾಡಿದ ಕಸ್ಟಮ್ ಕೆಲಸವನ್ನು, ಅಂದರೆ ತಮ್ಮ ರುಚಿಗೆ ತಕ್ಕಂತೆ ಕಾರಿನ ರೂಪ ಬದಲಿಸಿದ್ದನ್ನು, ಉಳಿಸುತ್ತೀರೋ, ಅಳಿಸುತ್ತೀರೋ? ಎಎಂಟಿ 1958ರಿಂದ ತ್ರೀ-ಇನ್-ವನ್ ಕಿಟ್‌ಗಳನ್ನು ಮಾರಿತು. ಒಂದೇ ಪೆಟ್ಟಿಗೆಯಲ್ಲಿ ಶೋರೂಮ್ ಕಾರಿನ, ಕಸ್ಟಮ್ ಕಾರಿನ, ರೇಸ್ ಕಾರಿನ ಭಾಗಗಳೆಲ್ಲ ಇರುತ್ತಿದ್ದವು. ಪೆಟ್ಟಿಗೆಯಲ್ಲೇ ಬಂದ ಕಸ್ಟಮ್ ಗ್ರಿಲ್ಲನ್ನು ಬಿಡಿಸಿ ಬದಲಿಸಬಹುದು. ಕೆರೆದು ಹಾಕಿದ ಬಾಗಿಲ ಹಿಡಿ ಮಾತ್ರ ಇನ್ನೊಂದು ಬಾಡಿ ಸಿಗದೆ ವಾಪಸ್ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ಗ್ಯಾರೇಜ್‌ಗಳಲ್ಲಿ ನಿಜವಾದ ಕಾರುಗಳ ಹಿಡಿ ಕಿತ್ತು, ತೂತಿಗೆ ಸೀಸ ಕರಗಿಸಿ ತುಂಬುತ್ತಿದ್ದ ಕಾಲ ಅದು. ನಿಮ್ಮ ಮಾಡೆಲ್‌ನ ಪುಟ್ಟಿ ಅದೇ ಕೆಲಸದ ಚಿಕ್ಕ ನಕಲು. ಅದನ್ನು ಉಳಿಸುವುದೇ ಸರಿ. ಶೋರೂಮ್ ಕಾರೇ ಬೇಕಿದ್ದರೆ ಹಳೇ ಮಾಡೆಲನ್ನೇ ಮತ್ತೆ ತಯಾರಿಸಿ ಮಾರುವ ಕಿಟ್ ಕೊಳ್ಳುವುದು ಅಗ್ಗ, ಸುಲಭ.

ಉಳಿಸುವುದಾದರೆ ಮೊದಲು ಎಲ್ಲ ಕೋನಗಳಿಂದ ಫೋಟೋ ತೆಗೆದಿಡಿ. ಆಮೇಲೆ ಟೈರ್ ಕಳಚಿ. ಹಳೇ ಮೆತ್ತನೆಯ ವಿನೈಲ್ ಟೈರ್‌ಗಳಿಂದ ಎಣ್ಣೆಯಂಥ ಪದಾರ್ಥ ಒಸರುತ್ತದೆ, ತಾಗಿದ ಕಡೆ ಪಾಲಿಸ್ಟೈರೀನ್ ಮೆತ್ತಗಾಗಿ ಕರಗುತ್ತದೆ. ಪೆಟ್ಟಿಗೆಯಲ್ಲಿ ಟೈರೊಂದು ಮುಂದಿನ ಗಾಜಿಗೆ (ಅದೂ ಪಾರದರ್ಶಕ ಪ್ಲಾಸ್ಟಿಕ್ಕೇ) ಒರಗಿ ವರ್ಷಗಟ್ಟಲೆ ಕೂತಿದ್ದರೆ ಗಾಜಿನ ಮೇಲೆ ಟೈರ್ ಅಚ್ಚೇ ಬಿದ್ದಿರುತ್ತದೆ, ಅದು ಉಜ್ಜಿದರೂ ಹೋಗದು.

ಬಿಡಿಸುವಾಗ ಬಲ ಹಾಕಬೇಡಿ. ಮಾಡೆಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಮೂರ್ನಾಲ್ಕು ಗಂಟೆ ಇಡಿ. ಒಣಗಿ ಹಳತಾದ ಅಂಟು ತಣ್ಣಗಾದಾಗ ಪೆಡಸಾಗುತ್ತದೆ. ಹೊರತೆಗೆದ ಕೂಡಲೇ ತೆಳು ಬ್ಲೇಡನ್ನು ಕೂಡಿದ ಗೆರೆಗೆ ಇಟ್ಟು ಮೆಲ್ಲಗೆ ತಿರುಚಿದರೆ ಟಕ್ ಅಂತ ಬಿಡುತ್ತದೆ. ಬಂಪರ್, ಗ್ರಿಲ್ ಬೇಗ ಬರುತ್ತವೆ, ಯಾಕೆಂದರೆ ಅಂಟು ಹಿಡಿದಿರುವುದು ಕ್ರೋಮ್ ಪದರವನ್ನು, ಪ್ಲಾಸ್ಟಿಕ್ಕನ್ನಲ್ಲ. ಹಠ ಮಾಡುವುದು ಚಾಸಿ ಮತ್ತು ಒಳಾಂಗಣದ ತಟ್ಟೆ. ಎರಡು ಸಲ ಫ್ರೀಜರ್‌ಗೆ ಹಾಕಿದರೂ ಬಿಡದಿದ್ದರೆ ರೇಜರ್ ಗರಗಸವೇ ಗತಿ. ಎಲ್ಲಕ್ಕಿಂತ ಮೊದಲು ಮುರಿಯುವುದು ಮುಂದಿನ ಗಾಜಿನ ಅಕ್ಕಪಕ್ಕದ ಕಂಬಗಳು, ಅದರಲ್ಲೂ ಛಾವಣಿ ತಗ್ಗಿಸಲೆಂದು ಕೊಯ್ದು ಅಂಟಿಸಿದ್ದರೆ. ಬಿಡಿಸುವಾಗ ಬಾಡಿಯನ್ನು ಕಂಬದ ಹತ್ತಿರ ಹಿಡಿಯಬೇಡಿ. ಮುರಿದರೂ ಗಾಬರಿ ಬೇಡ: ಎರಡೂ ತುದಿಗೆ ಅರ್ಧ ಮಿ.ಮೀ. ತೂತು ಕೊರೆದು, ತೆಳು ತಂತಿ ಸಿಕ್ಕಿಸಿ, ಫೆವಿಕ್ವಿಕ್ ಒಂದು ಹನಿ ಬಿಟ್ಟರೆ ಮೊದಲಿಗಿಂತ ಗಟ್ಟಿ.

ಈಗ ಬಣ್ಣ. ಅದು ಯಾವ ಜಾತಿಯದೆಂದು ಬಾಡಿಯ ಒಳಬದಿಯಲ್ಲಿ ಪರೀಕ್ಷಿಸಿ. ಮೊಬೈಲ್ ರಿಪೇರಿಯವರು ಐಪಿಎ ಅನ್ನುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಇಯರ್‌ಬಡ್‌ಗೆ ಹಚ್ಚಿ ಒಂದು ನಿಮಿಷ ತಿಕ್ಕಿ. ಬಣ್ಣ ಬಡ್‌ಗೆ ಅಂಟಿಕೊಂಡರೆ ಐಪಿಎಯಲ್ಲೇ ಮುಳುಗಿಸಿಡಬಹುದು. ಪಾತ್ರೆಗೆ ಮುಚ್ಚಳ ಬೇಕು, ಹತ್ತಿರ ಬೆಂಕಿ ಇರಬಾರದು. ಆದರೆ 60ರ ದಶಕದಲ್ಲಿ ಮಕ್ಕಳು ಬಳಸುತ್ತಿದ್ದದ್ದು ಹೆಚ್ಚಾಗಿ ಟೆಸ್ಟರ್ಸ್, ಪ್ಯಾಕ್ಟ್ರಾದಂಥ ಪುಟ್ಟ ಬಾಟಲಿಯ ಎನಾಮೆಲ್. ಅದು ಐಪಿಎಗೆ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕೆ ಕಾಸ್ಟಿಕ್ ಸೋಡಾ. ಎನಾಮೆಲ್‌ನ ಎಣ್ಣೆ ಕಾಸ್ಟಿಕ್‌ಗೆ ಸಿಕ್ಕಿ ಸಾಬೂನಾಗಿ ಬಿಡುತ್ತದೆ, ಪಾಲಿಸ್ಟೈರೀನ್‌ಗೆ ಏನೂ ಆಗುವುದಿಲ್ಲ. ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಡಬ್ಬಿಯಲ್ಲಿ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾ ಮೇಲೆ ನೀರು ಸುರಿಯಬಾರದು, ಕುದಿದು ಹಾರುತ್ತದೆ. ದ್ರಾವಣ ಬಿಸಿಯೇರುತ್ತದೆ, ಪೂರ್ತಿ ಆರಿದ ಮೇಲಷ್ಟೇ ಬಾಡಿ ಇಳಿಸಿ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.

ಕಾಸ್ಟಿಕ್ ಭಯವಾದರೆ ನೀರು ಬೆರೆಸದ ಡೆಟಾಲ್‌ನಲ್ಲಿ ಒಂದು ದಿನ ನೆನೆಸಬಹುದು. ಅದರಲ್ಲಿ ಒಂದೇ ಕಿರಿಕಿರಿ: ಮೆತ್ತಗಾದ ಬಣ್ಣಕ್ಕೆ ನೀರು ತಾಗಿದರೆ ಹಲಸಿನ ಮೇಣದಂತೆ ಅಂಟುತ್ತದೆ. ಆದ್ದರಿಂದ ಹಳೇ ಟೂತ್‌ಬ್ರಶ್ಶನ್ನು ಡೆಟಾಲ್‌ನಲ್ಲೇ ಅದ್ದಿ ಉಜ್ಜಿ, ಬಣ್ಣವೆಲ್ಲ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಡಾಟ್ 3 ಬ್ರೇಕ್ ಆಯಿಲ್‌ನಿಂದಲೂ ಬಣ್ಣ ಬಿಡುತ್ತದೆ, ಆದರೆ ದಿನಗಟ್ಟಲೆ ಬಿಟ್ಟರೆ ಹಳೇ ಪ್ಲಾಸ್ಟಿಕ್ ಪೆಡಸಾಗಬಹುದು.

ನಿಮ್ಮ ಕಾರಿನಲ್ಲಿ ಪುಟ್ಟಿ ಇದೆಯಲ್ಲ, ಅದಕ್ಕೇ ಈ ಯಾವುದರಲ್ಲೂ ರಾತ್ರಿ ನೆನೆಸಿಟ್ಟು ಮಲಗಬೇಡಿ. ಎರಡು ಗಂಟೆಗೊಮ್ಮೆ ತೆಗೆದು ನೋಡಿ. ಪುಟ್ಟಿಯ ಅಂಚು ಎದ್ದಂತೆ ಕಂಡರೆ ಅಲ್ಲಿಗೆ ನಿಲ್ಲಿಸಿ, ಉಳಿದ ಬಣ್ಣವನ್ನು 400 ನಂಬರಿನ ವಾಟರ್ ಪೇಪರ್‌ನಿಂದ ತೆಗೆಯಿರಿ. ಎಲ್ಲ ಮುಗಿದ ಮೇಲೂ ಬಿಳಿ ಪ್ಲಾಸ್ಟಿಕ್‌ನಲ್ಲಿ ಗುಲಾಬಿ ಛಾಯೆ ಉಳಿದಿರುತ್ತದೆ. ಅದು ಬಣ್ಣವಲ್ಲ, ಕಲೆ. ಉಜ್ಜುತ್ತಾ ಕೂತರೆ ಬಾಡಿಯ ಗೆರೆಗಳು ಸವೆಯುತ್ತವೆ, ಅಷ್ಟೇ. ಪ್ರೈಮರ್‌ಗೆ ಮೊದಲು ಬೆಳ್ಳಿ ಬಣ್ಣದ ಒಂದು ತೆಳು ಕೋಟ್ ಹೊಡೆದರೆ ಕೆಂಪು ಮೇಲಕ್ಕೆ ಏಳುವುದು ನಿಲ್ಲುತ್ತದೆ.

ಹಳೇ ಟ್ಯೂಬ್ ಪುಟ್ಟಿ ಒಣಗುತ್ತಾ ಕುಗ್ಗಿರುತ್ತದೆ. ಹಿಡಿ ಇದ್ದ ಜಾಗದ ಮೇಲೆ ಬೆರಳಾಡಿಸಿದರೆ ಸಣ್ಣ ತಗ್ಗು ಸಿಗುತ್ತದೆ, ಹೊಳೆಯುವ ಬಣ್ಣ ಬಿದ್ದ ಮೇಲೆ ಅದೇ ಕಣ್ಣಿಗೆ ಹೊಡೆಯುತ್ತದೆ. ಗಟ್ಟಿಯಾಗಿರುವ ಪುಟ್ಟಿಯನ್ನು ಕೀಳಬೇಡಿ, ಅದರ ಮೇಲೇ ತೆಳುವಾಗಿ ತುಂಬಿ. ಆಳವಿದ್ದರೆ ಎಂ-ಸೀಲ್: ಎರಡೂ ಭಾಗ ಸಮ ಕಲಸಿ, ತಳವನ್ನು ಮೊದಲೇ ಒರಟು ಮಾಡಿ, ಒಂದು ರಾತ್ರಿ ಬಿಡಿ. ಅಂಚು ತೆಳುವಾಗಿ ಬೆರೆಯಬೇಕಾದ ಕಡೆ ಅದು ಬೇಡ, ಅಂಚು ಪುಡಿಯಾಗುತ್ತದೆ. ಅಲ್ಲಿಗೆ ಫೆವಿಕ್ವಿಕ್‌ಗೆ ಟಾಲ್ಕಮ್ ಪೌಡರ್ ಬೆರೆಸಿದ ಗೊಜ್ಜು ಸಾಕು. ಗಟ್ಟಿಯಾದ ಒಂದು ಗಂಟೆಯೊಳಗೆ ಉಜ್ಜಿಬಿಡಿ. ಮಾರನೇ ದಿನಕ್ಕೆ ಅದು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿ, ಉಜ್ಜಿದರೆ ಪ್ಲಾಸ್ಟಿಕ್ ಸವೆದು ಪುಟ್ಟಿ ಗುಡ್ಡದಂತೆ ಉಳಿಯುತ್ತದೆ. ಬಾಗಿಲ ಗೆರೆ ಮುಚ್ಚಿಹೋಗಿದ್ದರೆ ಬ್ಲೇಡಿನ ಬೆನ್ನಿನಿಂದ, ಹಗುರವಾಗಿ, ಹತ್ತಾರು ಸಲ ಎಳೆಯಿರಿ. ಒಂದೇ ಏಟಿಗೆ ಆಳ ಮಾಡಲು ಹೋದರೆ ಬ್ಲೇಡ್ ಜಾರುತ್ತದೆ.

ಕ್ರೋಮ್ ಭಾಗಗಳನ್ನು ಯಾವ ಕಾರಣಕ್ಕೂ ಕಾಸ್ಟಿಕ್ ಡಬ್ಬಿಗೆ ಹಾಕಬೇಡಿ, ಆ ಹೊಳಪು ಅಲ್ಯೂಮಿನಿಯಂನ ತೆಳು ಪದರ, ಮಾಯವಾಗುತ್ತದೆ. ಸವೆದದ್ದನ್ನು ತೆಗೆಯಲೇಬೇಕಿದ್ದರೆ ಬಟ್ಟೆಯ ಬ್ಲೀಚ್ ಸಾಕು. ಅದಕ್ಕೆ ಟಾಯ್ಲೆಟ್ ಕ್ಲೀನರ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಗಾಜಿನ ಗೀರನ್ನು 1000, 2000 ನಂಬರಿನ ವಾಟರ್ ಪೇಪರ್, ಕೊನೆಗೆ ಟೂತ್‌ಪೇಸ್ಟ್‌ನಿಂದ ತಿದ್ದಬಹುದು. ಗಾಜು ಕೂರಿಸಲು ಫೆವಿಕಾಲ್ ಹಾಕಿ. ಫೆವಿಕ್ವಿಕ್‌ನ ಹಬೆ ಗಾಜಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ.

ಬಣ್ಣಕ್ಕೆ ಆ ಕಾಲದ ಕ್ಯಾಂಡಿ ಕೆಂಪೇ ಬೇಕೆಂದರೆ ಕೆಳಗೆ ಬೆಳ್ಳಿ ಅಥವಾ ಚಿನ್ನದ ಬಣ್ಣ, ಮೇಲೆ ಪಾರದರ್ಶಕ ಕೆಂಪು, ತೆಳು ತೆಳು ಕೋಟ್‌ಗಳಲ್ಲಿ. ಪ್ರತಿ ಕೋಟ್‌ಗೂ ಕೆಂಪು ಗಾಢವಾಗುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ಎಷ್ಟು ಕೋಟ್ ಸಾಕೆಂದು ಮೊದಲೇ ಎಣಿಸಿಟ್ಟುಕೊಳ್ಳಿ. ಕೊನೆಗೆ ಟೈರ್ ತೊಡಿಸುವಾಗ, ಅದರಿಂದ ಒಸರುವ ಎಣ್ಣೆ ಪ್ಲಾಸ್ಟಿಕ್‌ಗೆ ತಾಗದಂತೆ, ರಿಮ್‌ಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ಸಣ್ಣ ಪಟ್ಟಿ ಸುತ್ತಿ, ಅದರ ಮೇಲೆ ಟೈರ್ ಏರಿಸಿ. ಹೊರಗೆ ಕಾಣುವ ಫಾಯಿಲನ್ನು ಬ್ಲೇಡ್‌ನಿಂದ ಕತ್ತರಿಸಿ ತೆಗೆಯಿರಿ.